ಮಾಯಪ್ಪನ ಗಾಡಿಯ ಏರ್ ಕ್ಲೀನರ್

ಸಲಗರೆಯ ಮಾಯಪ್ಪನ ಹತ್ತಿರ ಒಂದು ಹಳೆಯ ಡೀಸೆಲ್ ಅಂಬಾಸಿಡರ್ ಇತ್ತು. ಬಿಳಿ ಬಣ್ಣದ್ದೆಂದು ಕಾಗದಪತ್ರದಲ್ಲಿ ಬರೆದಿತ್ತು. ಕಣ್ಣಿಗೆ ಕಾಣುತ್ತಿದ್ದದ್ದು ಮಾತ್ರ ಊರ ಮಣ್ಣಿನ ಬಣ್ಣ. ಸುತ್ತಲಿನ ಹಳ್ಳಿಯವರು, ಗಡಿಯಾಚೆಯ ಕರ್ನಾಟಕದವರು ಕೂಡ, ಅದನ್ನು ದವಾಖಾನಿ ಗಾಡಿ ಎನ್ನುತ್ತಿದ್ದರು. ಮಿರಜದ ಆಸ್ಪತ್ರೆಗಳಿಗೆ ರೋಗಿಗಳನ್ನು ಒಯ್ಯುವುದೇ ಅದರ ಕೆಲಸ. ಮದುವೆಗೆಂದು ಯಾರಾದರೂ ಕೇಳಿದರೆ ಮಾಯಪ್ಪ ಖಡಾಖಂಡಿತವಾಗಿ ಇಲ್ಲವೆನ್ನುತ್ತಿದ್ದ.

"ಬೀಗರು ಚಕ್ಕಡ್ಯಾಗ ಕುಂತೂ ಬರ್ತಾರ. ಬ್ಯಾನಿ ಎದ್ದಾಕಿ ಹ್ಯಾಂಗ ಬರ್ಬೇಕು?"

ಈ ಮಾತು ಅವನು ಸುಮ್ಮನೆ ಆಡುತ್ತಿದ್ದುದಲ್ಲ. ಅವನಿಗೆ ಹದಿನೆಂಟು ವರ್ಷವಿದ್ದಾಗ ಅಕ್ಕ ಕಾಡವ್ವನಿಗೆ ಹೆರಿಗೆ ಬೇನೆ ಎದ್ದು ಎರಡು ದಿನವಾದರೂ ಕೂಸು ಬರಲಿಲ್ಲ. ಚಕ್ಕಡಿಯಲ್ಲಿ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ, ಅವಳನ್ನು ಮಲಗಿಸಿ ಮಿರಜಕ್ಕೆ ಹೊರಟರು. ಮುಂದೆ ಎತ್ತು ಹೊಡೆಯುತ್ತಿದ್ದವನು ಮಾಯಪ್ಪನೇ. ದೂರದಲ್ಲಿ ಮಿರಜದ ದರ್ಗಾದ ಗುಮ್ಮಟ ಕಂಡಿತು. "ಬಂತು ನೋಡ ಅಕ್ಕಾ" ಎಂದು ಹಿಂದಿರುಗಿ ನೋಡಿದರೆ ಅಕ್ಕನ ಉಸಿರು ನಿಂತಿತ್ತು. ಅಂದಿನಿಂದ ಅವನಿಗೆ ಕುರಿ ಸಾಕಾಯಿತು, ಎತ್ತು ಸಾಕಾಯಿತು. ಹಾಲಿನ ಸಹಕಾರಿ ಸಂಘದ ಟ್ರಕ್ಕಿನಲ್ಲಿ ಕ್ಲೀನರ್ ಆದ, ಡ್ರೈವರ್ ಆದ, ಕೊನೆಗೆ ಈ ಗಾಡಿ ಕೊಂಡ. ಹದಿನಾಲ್ಕು ವರ್ಷ ರೋಗಿಗಳನ್ನು ಒಯ್ದ. ಬರುವಾಗ ಹೆಣ ತಂದದ್ದುಂಟು. ಹೋಗುವಾಗ ಅವನ ಗಾಡಿಯಲ್ಲಿ ಒಬ್ಬರೂ ಸಾಯಲಿಲ್ಲ. ಕುರುಬರ ಹುಡುಗನಿಗೆ ಇದಕ್ಕಿಂತ ದೊಡ್ಡ ಹೆಮ್ಮೆ ಏನು ಬೇಕು? ಅವನು ಅದನ್ನು ಹೇಳಿಕೊಳ್ಳುತ್ತಿದ್ದ, ಊರು ಕೇಳಿಸಿಕೊಳ್ಳುತ್ತಿತ್ತು.

ಅದು ಸಹಕಾರದ ಕಾಲ. ಊರಿಗೊಂದು ಸಂಘ, ಸಂಘಕ್ಕೊಬ್ಬ ಚೇರಮನ್, ಚೇರಮನ್ನನಿಗೊಂದು ಜೀಪು. ಕಬ್ಬಿಗೆ ಸಹಕಾರವಿತ್ತು, ಹಾಲಿಗೆ ಇತ್ತು, ನೂಲಿಗೆ ಇತ್ತು. ಬಸುರಿ ಹೆಂಗಸಿಗೆ ಮಾತ್ರ ಮಾಯಪ್ಪನೇ ಗತಿ. ಸಕ್ಕರೆ ಕಾರ್ಖಾನೆಯ ಚುನಾವಣೆ ಬಂದಾಗಲೆಲ್ಲ ಸಲಗರೆಗೆ ಒಂದು ಅಂಬುಲೆನ್ಸ್ ಬರುವುದೆಂದು ಭಾಷಣವಾಗುತ್ತಿತ್ತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಚುನಾವಣೆ ಮುಗಿಯುತ್ತಿತ್ತು, ಅಂಬುಲೆನ್ಸ್ ಮುಂದಿನ ಚುನಾವಣೆಗೆ ಹೋಗುತ್ತಿತ್ತು.

ಆ ವರ್ಷ ಮಗಳು ಪದ್ಮವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಒಬ್ಬಳೇ ಮಗಳು. ಬಂದಾಗಲೇ ಅವಳ ಕಾಲು ಬಾತಿದ್ದವು. ಮಾಯಪ್ಪ ಮಿರಜಕ್ಕೆ ಕರೆದೊಯ್ದು ತೋರಿಸಿದ. ಅಲ್ಲಿಯ ಡಾಕ್ಟರಮ್ಮ ಕೈಗೆ ಪಟ್ಟಿ ಸುತ್ತಿ ರಕ್ತದ ಒತ್ತಡ ನೋಡಿ, ಉಪ್ಪು ಬಿಡಿಸಿ, ಗುಳಿಗೆ ಬರೆದುಕೊಟ್ಟು, ಮಾಯಪ್ಪನನ್ನೂ ಹೆಂಡತಿ ತಂಗೆವ್ವನನ್ನೂ ಎದುರಿಗೆ ಕೂರಿಸಿಕೊಂಡು ಒಂದೇ ಮಾತು ಹೇಳಿದರು: ತಲೆನೋವು ಬಂತೋ, ಕಣ್ಣು ಮಂಜಾಯಿತೋ, ಇದ್ದ ಕೆಲಸ ಬಿಟ್ಟು ಕರಕೊಂಡು ಬರ್ರಿ, ಒಂದು ನಿಮಿಷವೂ ತಡ ಮಾಡಬೇಡಿರಿ.

"ಗಾಡಿ ಮನಿ ಮುಂದನ ಐತ್ರಿ," ಎಂದ ಮಾಯಪ್ಪ. ಹಾಗೆ ಹೇಳುವಾಗ ಅವನ ಎದೆ ಸ್ವಲ್ಪ ಉಬ್ಬಿತು.

ಆದರೆ ಗಾಡಿಗೇ ಒಂದು ಜಡ್ಡಿತ್ತು. ಎಂಜಿನ್ ಉಸಿರಾಡುವ ದಾರಿಯಲ್ಲಿ ಕೂರುವ ಏರ್ ಕ್ಲೀನರ್ ಹಾಳಾಗಿತ್ತು. ಹಳೆಯ ಕಾಲದ್ದು, ತಳದಲ್ಲಿ ಎಣ್ಣೆಯ ಬಟ್ಟಲಿದ್ದದ್ದು. ಬಂದ ಗಾಳಿಯ ಧೂಳೆಲ್ಲ ಎಣ್ಣೆಯಲ್ಲಿ ಮುಳುಗಿ, ಚೊಕ್ಕ ಗಾಳಿ ಒಳಗೆ ಹೋಗುತ್ತಿತ್ತು. ಅದರ ಕುತ್ತಿಗೆ ಸೀಳಿ ಎರಡು ವರ್ಷವಾಗಿತ್ತು. ಮಾಯಪ್ಪ ತಂತಿ ಕಟ್ಟಿದ್ದ, ಟ್ಯೂಬಿನ ರಬ್ಬರು ಸುತ್ತಿದ್ದ. ಕಬ್ಬಿನ ಹಂಗಾಮಿನಲ್ಲಿ ಆ ರಸ್ತೆಯ ಧೂಳು ಎಂಥದೆಂದರೆ ಮುಂದಿನ ಟ್ರಾಕ್ಟರ್ ಕಾಣದು, ಸದ್ದು ಮಾತ್ರ ಕೇಳುವುದು. ಮಿರಜದ ಮಿಸ್ತ್ರಿ ದಾದಾಸಾಬ, ಹದಿನಾಲ್ಕು ವರ್ಷ ಆ ಗಾಡಿಯ ನಾಡಿ ಹಿಡಿದವನು, ಈ ಸಲ ತಂತಿ ಕಟ್ಟಲು ಒಪ್ಪಲಿಲ್ಲ.

"ಇನ್ನ ಕಟ್ಟಿದ್ರ ಎಂಜಿನ್ ಮಣ್ಣ ತಿಂತೈತಿ. ಬ್ಯಾರೇದ ಹಾಕೂಣು ಮಾಯಪ್ಪಾ."

ಇಬ್ಬರೂ ಸಾಂಗ್ಲಿಗೆ ಹೋದರು. ಅರಿಸಿನದ ಪೇಟೆಯ ಮಗ್ಗುಲಿಗೆ ಬಿಡಿಭಾಗಗಳ ಅಂಗಡಿಗಳ ಸಾಲು. ಗಾಳಿಯೇ ಅಲ್ಲಿ ಹಳದಿ. ಕಂಪನಿಯ ಅಸಲಿ ಮಾಲು ಎಣ್ಣೆ ಬಟ್ಟಲಿನ ಸಮೇತ ಪೆಟ್ಟಿಗೆಯಲ್ಲಿ ಮದುವಣಗಿತ್ತಿಯ ಹಾಗೆ ಕೂತಿತ್ತು, ಬೆಲೆ ಕೇಳಿದರೆ ಎದ್ದು ಹೋಗಬೇಕು. ಹಳೆಯ ಟ್ರಾಕ್ಟರಿನದೊಂದು ಎಣ್ಣೆ ಬಟ್ಟಲು ಗುಜರಿ ಮಾರುವ ಮೋಡಕಾ ಬಜಾರಿನಲ್ಲಿ ಸಿಗಬಹುದು, ಪಟ್ಟಿ ಬೆಸುಗೆ ಹಾಕಿ ಕೂರಿಸಬಹುದು, ಆದರೆ ಯಾವಾಗ ಸಿಕ್ಕೀತೋ ಹೇಳಲಾಗದೆಂದ ದಾದಾಸಾಬ. ಇನ್ನೊಂದು ಹೆಸರಿಲ್ಲದ ಡುಪ್ಲಿಕೇಟ್ ಮಾಲು. ಅಸಲಿಯ ಕಾಲು ಭಾಗ ಬೆಲೆ. ರೊಟ್ಟಿ ಬುಟ್ಟಿಯಷ್ಟು ಅಗಲ, ಸುತ್ತ ತಂತಿ ಜಾಳಿಗೆ, ಒಳಗೆ ಮಡಿಕೆ ಮಡಿಕೆಯಾದ ಕಾಗದ, ಎಣ್ಣೆಯ ಗೊಡವೆ ಇಲ್ಲ. ಮೇಲೊಂದು ನಟ್ಟು, ಪಾನೆ ಬೇಡ, ಕೈಯಿಂದಲೇ ತಿರುಗಿಸಿ ತೆಗೆಯಬಹುದು.

ಮಾಯಪ್ಪ ಮೂರನ್ನೂ ಯೋಚಿಸಿದ. ಅವನಪ್ಪ ಟಗರು ಕೊಳ್ಳುವಾಗ ಮೈ ನೋಡುತ್ತಿರಲಿಲ್ಲ, ಅದರ ಮೂಗಿಗೆ ಕೆನ್ನೆ ಹಚ್ಚಿ ಉಸಿರು ನೋಡುತ್ತಿದ್ದ. ಮಗನೂ ಅದನ್ನೇ ಮಾಡಿದ. ಅಂಗಡಿಯ ಮಧ್ಯದಲ್ಲಿ ನಿಂತು ಆ ಡುಪ್ಲಿಕೇಟ್ ಮಾಲನ್ನು ಮುಖಕ್ಕೆ ಹಿಡಿದು ಗಾಳಿ ಎಳೆದ. ಸರಾಗವಾಗಿ ಬಂತು. ಅಂಗಡಿಯವನು ನಕ್ಕು, "ಘ್ಯಾ ಮಾಮಾ," ತಗೋ ಮಾವ ಎಂದ ಮರಾಠಿಯಲ್ಲಿ.

ಮಾಯಪ್ಪ ದಾದಾಸಾಬನ ಮುಖ ನೋಡಿದ. "ಏನಂತಿ? ನಮ್ಮ ಪದ್ಮವ್ವನ ದಿನಾ ಹತ್ರ ಬಂದಾವ. ದಾರ್ಯಾಗ ಕೈ ಕೊಡಬಾರ್ದು ನೋಡ."

"ಮಾಲ ಕೆಟ್ಟದ್ದಲ್ಲ," ಎಂದ ದಾದಾಸಾಬ. "ಆದ್ರ ಇದಕ ಎಣ್ಣಿ ಇಲ್ಲ, ಧೂಳ ಮುಣಗಿಸಾಂಗಿಲ್ಲ. ತನ್ನ ಮಡಿಕ್ಯಾಗ ಹಿಡದ ಇಟ್ಕೊಂತೈತಿ. ವಾರಕ್ಕೊಮ್ಮಿ ತಗದ ಗಾಲಿಗೆ ಮೂರ ಸಲ ಬಡಿ, ಉದರತೈತಿ. ಬಡೀಲಿಲ್ಲ ಅಂದ್ರ ಉಸರ ಕಟ್ತೈತಿ. ಇಷ್ಟ ಇದರ ಸುದ್ದಿ."

ಅದನ್ನೇ ಕೊಂಡರು. ಮನೆಗೆ ಬಂದ ಮೇಲೆ ತಂಗೆವ್ವ ಹರಕು ಕಂಬಳಿಯ ತುಂಡು ಕತ್ತರಿಸಿ, ಆ ಜಾಳಿಗೆಯ ಸುತ್ತ ಕೂರುವ ಹಾಗೆ ಒಂದು ಗೌಸು ಹೊಲಿದಳು. ಕುರಿಯ ಉಣ್ಣೆ ಹಿಡಿದ ಧೂಳು ಒಳಗಿನ ಕಾಗದಕ್ಕೆ ಹೋಗದೆಂದು ಅವಳ ಲೆಕ್ಕಾಚಾರ. ಮುಂದಿನ ಸಲ ಅದನ್ನು ಕಂಡ ದಾದಾಸಾಬ ನಕ್ಕ, ಆದರೆ ತೆಗೆಯಲಿಲ್ಲ. ಪ್ರತಿ ಸೋಮವಾರ ಮಾಯಪ್ಪ ಅದನ್ನು ಬಿಚ್ಚಿ ಗಾಲಿಗೆ ಮೂರು ಸಲ ಬಡಿದು ಹಾಕುತ್ತಿದ್ದ. ಎರಡು ತಿಂಗಳು ಗಾಡಿ ಚಕಾರವೆತ್ತಲಿಲ್ಲ. ಅದರಲ್ಲಿ ಹನ್ನೊಂದು ಬಸುರಿಯರು ಹೋದರು, ಹಾವು ಕಚ್ಚಿದ ಒಬ್ಬ ಮುದುಕ ಹೋದ, ಎಲ್ಲರೂ ಜೀವಂತ ಮುಟ್ಟಿದರು.

ಆಗ ಕಾರ್ಖಾನೆಯ ಚುನಾವಣೆ ಬಂತು. ನಿರ್ದೇಶಕ ಮಂಡಳಿಗೆ ಈ ಸಲ ರಾವಸಾಬ ನಿಂತಿದ್ದ. ಕುರುಬರವನು, ಮಾಯಪ್ಪನ ದೂರದ ಸಂಬಂಧಿ. ಅಪ್ಪನ ಕಾಲಕ್ಕೆ ನೂರು ಕುರಿ, ಮಗನ ಕಾಲಕ್ಕೆ ಹದಿನಾರು ಎಕರೆ ಕಬ್ಬು. ತಮ್ಮವನೊಬ್ಬ ಆ ಕುರ್ಚಿಯಲ್ಲಿ ಕೂರುವುದು ಆ ಜನಕ್ಕೆ ಮೊದಲನೆಯ ಸಲ. ವಾರ ಮೊದಲೇ ರಾವಸಾಬ ಹೊಸ ಬಿಳಿ ಟೋಪಿ ಹಾಕಿಕೊಂಡು ಮಾಯಪ್ಪನ ಮನೆಗೆ ಬಂದು ಚಹಾ ಕುಡಿದ.

"ಕಾಕಾ, ಆರಿಸಿ ಬಂದ್ರ ಮೆರವಣಿಗಿ ನಿಮ್ಮ ಗಾಡ್ಯಾಗನ. ನಮ್ಮ ಮಂದಿದು ಅಂತ ಇರೋದು ಇದೊಂದ ಕಾರು. ಮತ್ತ ಅಂಬುಲೆನ್ಸ್ ತರೂದು ನನ್ನ ಮಾತು."

ತಂಗೆವ್ವ ಒಳಗಿನಿಂದಲೇ ಹೇಳಿದಳು: "ಪೋರಿ ಮನ್ಯಾಗ ಅದಾಳ. ಮದವಿಗೆ ಕೊಡದ ಗಾಡಿ ಇದಕ್ಯಾಕ್ರಿ?"

"ಒಪ್ಪತ್ತಿನ ಮಾತ, ಮಧ್ಯಾಹ್ನಕ್ಕ ಮನಿ ಮುಂದ ಇರತೈತಿ," ಎಂದ ಮಾಯಪ್ಪ. ಹದಿನಾಲ್ಕು ವರ್ಷ ಯಾವ ಬೀಗರಿಗೂ ಬಗ್ಗದವನು ತನ್ನ ಕುಲದ ಒಂದು ಟೋಪಿಗೆ ಬಗ್ಗಿದ. ಅವನನ್ನು ಬೈಯಬೇಕೆನಿಸುತ್ತದೆ. ಆದರೆ ತಲೆತಲಾಂತರ ಬೇರೆಯವರ ಮೆರವಣಿಗೆಗೆ ದಾರಿ ಬಿಟ್ಟು ಕುರಿ ಬದಿಗೆ ಸರಿಸಿದ ಜನ. ಒಂದು ಸಲ ನಡುರಸ್ತೆಯಲ್ಲಿ ತಮ್ಮದೇ ಗಾಡಿ ಹೋಗಲಿ ಎಂದು ಆಸೆಪಟ್ಟರೆ ಬೈಯಲು ಬಾಯಿ ತೆರೆಯುವುದು ಕಷ್ಟ.

ರಾವಸಾಬ ಗೆದ್ದ. ಮತ ಎಣಿಕೆ ಮುಗಿದ ಮರುದಿನ ಬೆಳಿಗ್ಗೆ ಎಂಟಕ್ಕೆ ಮೆರವಣಿಗೆ ಹೊರಟಿತು. ಬೇರೆಯವರು ಗೆದ್ದರೆ ಗುಲಾಲು ಎರಚುತ್ತಾರೆ. ಕುರುಬರು ಎರಚುವುದು ಭಂಡಾರ, ಬೀರಪ್ಪನ ಗುಡಿಯಲ್ಲಿ ಪೂಜೆಯಾದ ಅರಿಸಿನದ ಪುಡಿ. ಸಾಂಗ್ಲಿ ಪೇಟೆಯಿಂದ ಚೀಲಗಟ್ಟಲೆ ತಂದಿದ್ದರು. ಡೊಳ್ಳು ಮುಂದೆ, ಗಾಡಿ ಹಿಂದೆ, ಅದರ ಟಾಪಿನ ಮೇಲೆ ರಾವಸಾಬ. ಹೆಜ್ಜೆಗೊಮ್ಮೆ ನಿಲ್ಲುವ ಮೆರವಣಿಗೆಯಲ್ಲಿ ಎಂಜಿನ್ ಕಾದು ಆವಿ ಬಿಡತೊಡಗಿತು. ಮಾಯಪ್ಪ ಇಳಿದು, ಬಾನೆಟ್ ಅರ್ಧ ಎತ್ತಿ, ಒಂದು ಕಬ್ಬಿನ ತುಂಡು ಆನಿಸಿದ. ಗಾಳಿಯಾಡಲೆಂದು ತೆರೆದ ಆ ಬಾಯಿಗೇ ಜನ ಬೊಗಸೆ ಬೊಗಸೆ ಭಂಡಾರ ಎರಚಿದರು, ಬಂಪರಿಗೆ ಕಾಯಿ ಒಡೆದರು, ಕಾಯಿಯ ನೀರು ಒಳಗೆ ಚಿಮ್ಮಿತು. ಎಂಜಿನ್ ನಾಲ್ಕು ತಾಸು ಅರಿಸಿನವನ್ನೇ ಉಸಿರಾಡಿತು.

ಮಧ್ಯಾಹ್ನ ಗಾಡಿ ಮನೆ ಮುಂದೆ ನಿಂತಾಗ ಮಾಯಪ್ಪ ನಟ್ಟು ತಿರುಗಿಸಿ ಏರ್ ಕ್ಲೀನರ್ ಹೊರಗೆ ತೆಗೆದ. ಕಂಬಳಿಯ ಗೌಸು ಹಸಿ ಅರಿಸಿನದ ಮುದ್ದೆಯಾಗಿತ್ತು. ಒಳಗಿನ ಕಾಗದದ ಮಡಿಕೆಗಳು ಹಳದಿಯಿಂದ ತುಂಬಿ ಮುಚ್ಚಿಹೋಗಿದ್ದವು. ಅವನು ಅದನ್ನು ಗಾಲಿಯ ಮೇಲಕ್ಕೆ ಎತ್ತಿ ಹಿಡಿದ. ಕೈ ಇಳಿಯಲಿಲ್ಲ.

ಭಂಡಾರವನ್ನು ಝಾಡಿಸಬಾರದು. ಇದು ಅವನ ಅವ್ವ ಕಲಿಸಿದ್ದು, ಅವಳಿಗೆ ಅವಳವ್ವ. ಮೈಮೇಲೆ ಬಿದ್ದರೆ ಒರೆಸಬಾರದು, ನೆಲಕ್ಕೆ ಬಿದ್ದರೆ ಕಸಬರಿಗೆ ಹಚ್ಚಬಾರದು, ಬಟ್ಟೆಯದನ್ನು ಹರಿಯುವ ನೀರಿಗೆ ಬಿಡಬೇಕು. ಚಪ್ಪಲಿ ಓಡಾಡುವ ಅಂಗಳದಲ್ಲಿ, ಹೇಸಿಗೆ ತುಳಿದು ಬಂದ ಗಾಲಿಗೆ, ದೇವರ ಭಂಡಾರ ಬಡಿಯುವುದೆ? ಅದೂ ಹೊಟ್ಟೆಯಲ್ಲಿ ಕೂಸು ಹೊತ್ತ ಮಗಳು ಮನೆಯಲ್ಲಿರುವಾಗ? ನಾಳೆ ಮಿರಜಕ್ಕೆ ಹೋಗುವುದಿತ್ತು, ಕೃಷ್ಣೆಯ ನೀರಿಗೆ ಬಿಟ್ಟು ಹೊಸ ಕಾಗದ ಹಾಕಿಸಿದರಾಯಿತು. ಅವನು ಅದನ್ನು ಹಣೆಗೆ ಒತ್ತಿಕೊಂಡು ಇದ್ದಲ್ಲೇ ಇಟ್ಟು ನಟ್ಟು ತಿರುಗಿಸಿದ. ಗಾಡಿ ಚಾಲೂ ಮಾಡಿ ನೋಡಿದ. ನಿಂತಲ್ಲಿ ಗುರುಗುಟ್ಟಿತು. ನಿಂತ ಗಾಡಿಯ ಎಂಜಿನಿಗೆ ಎಷ್ಟು ಗಾಳಿ ಬೇಕು? ಸರಿ ಇದೆ ಎಂದುಕೊಂಡ.

ಮೂರು ಗಂಟೆಗೆ ಪದ್ಮವ್ವ ತಲೆ ಹಿಡಿದುಕೊಂಡು ಕುಳಿತಳು.

"ಅವ್ವಾ, ನಿನ ಮುಖ ನೆಟ್ಟಗ ಕಾಣವಲ್ದು."

ಯಾರೂ ಒಂದು ನಿಮಿಷ ತಡ ಮಾಡಲಿಲ್ಲ. ಹಿಂದಿನ ಸೀಟಿನಲ್ಲಿ ತಂಗೆವ್ವ ಮಗಳ ತಲೆ ತೊಡೆಯ ಮೇಲೆ ಇಟ್ಟುಕೊಂಡಳು. ಗಾಡಿ ಊರು ಬಿಟ್ಟಿತು. ಮೊದಲ ಒಂದು ಹರದಾರಿ ಹೇಗೋ ಹೋಯಿತು. ಬೆಳಂಕಿ ದಾಟಿ ಏರು ಬಂದಾಗ ಹಿಂದಿನಿಂದ ಕಪ್ಪು ಹೊಗೆ ಎದ್ದಿತು. ಮಾಯಪ್ಪ ಒತ್ತಿದಷ್ಟೂ ಗಾಡಿ ಸೋತಿತು. ನಡು ಏರಿನಲ್ಲಿ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು.

ಅವನು ಇಳಿದು ಬಾನೆಟ್ ಎತ್ತಿದ. ಎದುರಿಗೇ ಹಳದಿ ಮುದ್ದೆ ಕೂತಿತ್ತು. ಹದಿನಾಲ್ಕು ವರ್ಷದ ಡ್ರೈವರನಿಗೆ ಕಪ್ಪು ಹೊಗೆಯ ಅರ್ಥ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಅವನ ಕೈ ಅಲ್ಲಿಗೆ ಹೋಗಲಿಲ್ಲ. ಭಂಡಾರದಿಂದ ಕೇಡಾಗಿದೆ ಎಂದು ಕೈಯಿಂದ ಮುಟ್ಟಿ ಹೇಳುವುದು ಅವನಿಂದಾಗಲಿಲ್ಲ. ಅವನು ಡೀಸೆಲ್ ಪೈಪು ಬಿಚ್ಚಿದ, ಬಾಯಿ ಹಚ್ಚಿ ಎಳೆದು ಉಗುಳಿದ. ಪಂಪು ಒತ್ತಿ ಗುಳ್ಳೆ ತೆಗೆದ. ಟಾಕಿಯ ಮುಚ್ಚಳ ನೋಡಿದ. ಚಾಲೂ ಮಾಡಿದರೆ ಗಾಡಿ ಗುರುಗುಟ್ಟುತ್ತಿತ್ತು, ಗೇರ್ ಹಾಕಿದರೆ ಹೊಗೆ ಉಗುಳಿ ಸಾಯುತ್ತಿತ್ತು. ಮತ್ತೆ ಇಳಿದ, ಮತ್ತೆ ಅದೇ ಪೈಪು. ಹಾಗೆ ನಾಲ್ಕು ಸಲ. ರಸ್ತೆಯಲ್ಲಿ ಒಂದು ಗಾಡಿಯೂ ಸುಳಿಯಲಿಲ್ಲ. ಆ ಕಡೆಯ ಟ್ರಾಕ್ಟರು, ಜೀಪು ಎಲ್ಲ ರಾವಸಾಬನ ಗೆಲುವಿನ ಊಟಕ್ಕೆ ಹೋಗಿದ್ದವು.

ಒಳಗೆ ಪದ್ಮವ್ವನ ಕೈಕಾಲು ಸೆಟೆದವು. ಬಾಯಲ್ಲಿ ನೊರೆ ಬಂತು. ತಂಗೆವ್ವ ಸೆರಗಿನ ತುದಿ ಅವಳ ಹಲ್ಲಿನ ನಡುವೆ ತುರುಕಿ, ಗಾಜಿನಾಚೆ ಗಂಡನ ಬೆನ್ನು ನೋಡಿದಳು.

"ಅದನ್ನ ತಗೀರಿ," ಎಂದಳು.

"ಡೀಸೆಲ್ ಬರವಲ್ದು—"

"ಡೀಸೆಲ್ ಅಲ್ಲ. ಅದನ್ನ ತಗೀರಿ."

"ಭಂಡಾರ ಐತಿ ಅದರಾಗ."

"ನನಗೂ ಗೊತ್ತೈತಿ. ಕಿತ್ತ ಒಗೀರಿ. ಪಾಪ ಬಂದ್ರ ನನಗ ಬರ್ಲಿ."

ಮಾಯಪ್ಪ ನಟ್ಟು ತಿರುಗಿಸಿದ. ಒಂದು ನಿಮಿಷವೂ ಹಿಡಿಯಲಿಲ್ಲ. ಆಗಲೂ ಅವನು ಅದನ್ನು ಒಗೆಯಲಿಲ್ಲ. ತಲೆಯ ರುಮಾಲು ಬಿಚ್ಚಿ, ಅದರಲ್ಲಿ ಸುತ್ತಿ ಡಿಕ್ಕಿಯಲ್ಲಿಟ್ಟ. ಏರ್ ಕ್ಲೀನರ್ ಇಲ್ಲದ ಎಂಜಿನ್ ದೊಡ್ಡ ದನಿಯಲ್ಲಿ ಒದರುತ್ತ ಏರು ಹತ್ತಿತು, ದಾರಿಯ ಧೂಳೆಲ್ಲ ಕುಡಿಯುತ್ತ ಓಡಿತು. ದರ್ಗಾದ ಗುಮ್ಮಟ ಕಂಡಾಗ ಮಾಯಪ್ಪ ಹಿಂದಿರುಗಿ ನೋಡಲಿಲ್ಲ. ನೋಡಲು ಧೈರ್ಯವಿರಲಿಲ್ಲ.

ಪದ್ಮವ್ವ ಗಾಡಿಯಲ್ಲಿ ಸಾಯಲಿಲ್ಲ. ಆಸ್ಪತ್ರೆಯ ಮೇಜಿನ ಮೇಲೆ, ಹೊಟ್ಟೆ ಕೊಯ್ದು ಕೂಸು ತೆಗೆದ ಮೇಲೆ ಸತ್ತಳು. ಮಾಯಪ್ಪನ ಹೆಮ್ಮೆಯ ಮಾತು ಅಂದೂ ಸುಳ್ಳಾಗಲಿಲ್ಲ ಎಂದರೆ ಇದಕ್ಕಿಂತ ಕೆಟ್ಟ ಹಾಸ್ಯವಿಲ್ಲ. ಡಾಕ್ಟರಮ್ಮ ಹೊರಗೆ ಬಂದರು. ಹೆಣ್ಣು ಕೂಸು ಉಳಿದಿದೆ ಎಂದರು. ಆಮೇಲೆ, ಬೈಯುವ ದನಿಯಲ್ಲಲ್ಲ, ದಣಿದ ದನಿಯಲ್ಲಿ, "ಅರ್ಧ ತಾಸು ಮೊದಲು ತಂದಿದ್ದರೆ ತಾಯಿಯೂ ಸಿಗುತ್ತಿದ್ದಳು" ಎಂದರು.

ಅರ್ಧ ತಾಸು ಎಲ್ಲಿ ಹೋಯಿತೆಂದು ಇಬ್ಬರಿಗೆ ಗೊತ್ತಿತ್ತು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮಣ್ಣಿಗೆ ರಾವಸಾಬನೂ ಬಂದಿದ್ದ, ಹೊಸ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು. "ಡುಪ್ಲಿಕೇಟ್ ಮಾಲ ಕಾಕಾ. ಸಾಂಗ್ಲಿ ಅಂಗಡಿಯವರು ಮಂದೀನ ಕೊಲ್ತಾರ," ಎಂದ. ಮಾಯಪ್ಪ ಹೂಂ ಎಂದ. ಊರಿಗೂ ಆ ಮಾತೇ ಅನುಕೂಲವಾಯಿತು. ಅಗ್ಗದ ಮಾಲು, ಅದರ ಹಣೆಬರಹವೇ ಅಷ್ಟು, ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ. ಭಂಡಾರದ ಹೆಸರನ್ನು ಯಾರೂ ಎತ್ತಲಿಲ್ಲ. ದಿನ ಕಳೆದಂತೆ ಮಾಯಪ್ಪನೂ ಹಾಗೆಯೇ ಹೇಳತೊಡಗಿದ. ಹೇಳಿ ಹೇಳಿ, ಅದು ನಿಜವೆಂದು ನಂಬುವ ಹತ್ತಿರಕ್ಕೆ ಬಂದ. ಹದಿಮೂರನೆಯ ದಿನ ಕಳೆದ ಮೇಲೆ ಆ ರುಮಾಲಿನ ಗಂಟು ಗಾಡಿಯಲ್ಲಿಟ್ಟುಕೊಂಡು ದಾದಾಸಾಬನ ಗ್ಯಾರೇಜಿಗೆ ಹೋದ. ಅಲ್ಲಿಂದ ಸಾಂಗ್ಲಿಗೆ ಹೋಗಿ ಆ ಅಂಗಡಿಯವನ ಮುಖಕ್ಕೆ ಎಸೆಯುವುದೆಂದು ನಿಶ್ಚಯ ಮಾಡಿದ್ದ.

ದಾದಾಸಾಬ ಬಾನೆಟ್ ಎತ್ತಿದ. ಎಂಜಿನ್ನಿನ ಗಂಟಲಿನೊಳಗೆ ಬೆರಳು ತೂರಿಸಿ ಒರೆಸಿ, ಬೆರಳನ್ನು ಬಿಸಿಲಿಗೆ ಹಿಡಿದು ನೋಡಿದ. ಬಿಳಿ ಬಟ್ಟೆ ಸುತ್ತಿ ಇನ್ನೊಮ್ಮೆ ಒರೆಸಿದ. ಬಟ್ಟೆಗೆ ಕಂದು ಧೂಳು ಹತ್ತಿತ್ತು. ಹಳದಿ ಇರಲಿಲ್ಲ.

"ಈ ಮಣ್ಣ ನೀ ಅದನ್ನ ತಗದ ಮ್ಯಾಲ ಹೋಗಿದ್ದು," ಎಂದ. "ಅರಿಸಿಣ ಒಂದ ಕಣಾ ಒಳಗ ಹೋಗಿಲ್ಲ. ನಾಕ ತಾಸ ಎರಚ್ಯಾರ, ಒಂದ ಕಣಾ ಬಿಟ್ಟಿಲ್ಲ ಇದು. ಕಂಪನಿ ಮಾಲೂ ಇಷ್ಟ ಹಿಡೀತಿತ್ತೋ ಇಲ್ಲೋ. ಮಾಲಿಂದ ತಪ್ಪಿಲ್ಲ ಮಾಯಪ್ಪಾ."

ಮಾಯಪ್ಪ ಗಂಟು ಬಿಚ್ಚಿ ಆ ಹಳದಿ ಮುದ್ದೆಯನ್ನು ನೋಡಿದ.

"ನಿನಗ ಹೇಳಿದ್ನೆಲ್ಲೋ," ಎಂದ ದಾದಾಸಾಬ, ಅವನ ಕಣ್ಣು ನೋಡದೆ. "ಮೂರ ಸಲ ಬಡದಿದ್ರ ಸಾಕಿತ್ತು."

ಮಾಯಪ್ಪ ಸಾಂಗ್ಲಿಗೆ ಹೋಗಲಿಲ್ಲ. ಕೃಷ್ಣೆಯ ಘಾಟಿಗೆ ಹೋಗಿ ಕಂಬಳಿಯ ಗೌಸನ್ನು ನೀರಿಗೆ ಬಿಟ್ಟ. ಹಳದಿ ಬಣ್ಣ ಸ್ವಲ್ಪ ದೂರ ಹರಿದು ಕಾಣದಾಯಿತು. ಒಳಗಿನ ಜಾಳಿಗೆಯನ್ನು ಅಲ್ಲಿಯೇ ಮೆಟ್ಟಿಲ ಕಲ್ಲಿಗೆ ಬಡಿದ. ಒಂದು, ಎರಡು, ಮೂರು. ಆಮೇಲೂ ನಿಲ್ಲಿಸಲಿಲ್ಲ. ಬಟ್ಟೆ ಒಗೆಯಲು ಬಂದ ಹೆಂಗಸರು ದೂರ ಸರಿದು ನೋಡಿದರು. ಅವನು ಅಳುತ್ತಿದ್ದ.

ಗಾಡಿಯನ್ನು ಅವನು ಮಾರಲಿಲ್ಲ, ರೋಗಿಗಳನ್ನು ಒಯ್ಯುವುದನ್ನು ಬಿಡಲಿಲ್ಲ. ದಾದಾಸಾಬನಿಗೆ ಆ ಎಣ್ಣೆ ಬಟ್ಟಲು ಕೊನೆಗೂ ಸಿಕ್ಕಾಗ ಬೇಡವೆಂದ. ಅದೇ ಜಾಳಿಗೆಗೆ ಹೊಸ ಕಾಗದ ಹಾಕಿಸಿಕೊಂಡ. ಈಗ ಸೋಮವಾರಕ್ಕೆ ಕಾಯುತ್ತಿರಲಿಲ್ಲ. ರೋಗಿ ಗಾಡಿ ಹತ್ತುವ ಮೊದಲು, ಪ್ರತಿ ಸಲ, ಬಾನೆಟ್ ಎತ್ತಿ, ಬಿಚ್ಚಿ, ಗಾಲಿಗೆ ಮೂರು ಏಟು. ಹೊರಗಿನ ಆ ಸದ್ದು ಮುಗಿಯುವವರೆಗೆ ಒಳಗೆ ರೊಟ್ಟಿ ಬಡಿಯುವ ತಂಗೆವ್ವನ ಕೈ ನಿಲ್ಲುತ್ತಿತ್ತು. ಬೀರಪ್ಪನ ಗುಡಿಗೆ ಅವನು ಹೋಗುತ್ತಿದ್ದ, ಭಂಡಾರ ಹಚ್ಚಿಕೊಳ್ಳುತ್ತಿದ್ದ. ಗಾಡಿಯ ಹತ್ತಿರ ಯಾರಾದರೂ ಭಂಡಾರ ತಂದರೆ ಮಾತ್ರ ಕೈ ಅಡ್ಡ ಹಿಡಿಯುತ್ತಿದ್ದ. ಮುಂದಿನ ಚುನಾವಣೆಗೆ ರಾವಸಾಬ ಗಾಡಿ ಕೇಳಲು ಬರಲಿಲ್ಲ, ಮೆರವಣಿಗೆಗೆ ಅವನ ಹತ್ತಿರ ಆಗ ಮೂರು ಜೀಪುಗಳಿದ್ದವು. ಅಂಬುಲೆನ್ಸ್ ಬಂದಿರಲಿಲ್ಲ.

ಮೊಮ್ಮಗಳು ಅಜ್ಜಿಯ ಕೈಯಲ್ಲೇ ಬೆಳೆದಳು. ನಾಲ್ಕು ವರ್ಷದವಳಿದ್ದಾಗ ಒಂದು ದಿನ ಕೇಳಿದಳು, ಅಜ್ಜಾ ಯಾಕ ಬಡೀತಿ ಎಂದು. ತಡಾ ಆಗಬಾರ್ದು ಅಂತವ್ವಾ ಎಂದ ಮಾಯಪ್ಪ. ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಮರುದಿನ ಮಿರಜದಿಂದ ಬಂದು ನೋಡಿದರೆ ಅಂಗಳದಲ್ಲಿ ಆಟ ನಡೆದಿತ್ತು. ಬೋರಲು ಹಾಕಿದ ಬುಟ್ಟಿಯೇ ಗಾಡಿ. ಅದರ ಹಿಂದೆ ಹರಕು ಕಂಬಳಿಯ ಮೇಲೆ ಚಿಂದಿ ಬಟ್ಟೆಯ ಗೊಂಬೆ ಮಲಗಿತ್ತು. ಹುಡುಗಿ ರೊಟ್ಟಿಯ ತಾಟನ್ನು ನೆಲಕ್ಕೆ ಮೂರು ಸಲ ಬಡಿದು ಬುಟ್ಟಿಯ ಮೇಲೆ ಹತ್ತಿ ಕುಳಿತಳು.

"ಬಾ ಅಜ್ಜಾ, ಹಿಂದ ಕುಂಡ್ರು," ಎಂದಳು. "ಅವ್ವನ್ನ ದವಾಖಾನಿಗೆ ಒಯ್ಯೂಣು. ಬಡದೇನಿ, ಈಗ ತಡಾ ಆಗೂದಿಲ್ಲ."

ಮಾಯಪ್ಪ ಚಪ್ಪಲಿ ಬಿಟ್ಟು ಕಂಬಳಿಯ ಮೇಲೆ ಕುಳಿತು, ಗೊಂಬೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ.